ಬಿಟ್ಟುಬಂದ ಪ್ರೇಮಿ ಕೆಟ್ಟವನೇ ಆಗಬೇಕಾ? ಪರ–ವಿರೋಧ

ಸಾರಾ ಜೆ. ಮಾಸ್ ಅವರ ಮಾಯಾಲೋಕದ ಪ್ರೇಮ ಕಾದಂಬರಿ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಬಂತು. ಅದರ ನಾಯಕ ಟ್ಯಾಮ್ಲಿನ್. ವಸಂತದ ಆಸ್ಥಾನದ ಒಡೆಯ, ಶಾಪ ತಗುಲಿದವನು, ಬೇಕೆಂದಾಗ ಮೃಗವಾಗಬಲ್ಲವನು. 2016ರ ಎರಡನೇ ಪುಸ್ತಕ ಮುಗಿಯುವ ಹೊತ್ತಿಗೆ ಅವನು ನಾಯಕಿ ಫೇರಾಳ ಶತ್ರು. ಅವಳ ಪಕ್ಕದಲ್ಲಿ ನಿಂತಿರುವುದು ಇರುಳಿನ ಆಸ್ಥಾನದ ರೀಸ್ಯಾಂಡ್. ಮೊದಲ ಪುಸ್ತಕದಲ್ಲಿ ನಾವೆಲ್ಲ ಹಲ್ಲು ಕಡಿದು ಬೈದುಕೊಂಡಿದ್ದು ಇವನನ್ನೇ. ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಈ ಸರಣಿಗೆ ಇವತ್ತಿಗೂ ಜಾಗ ಕಡಿಮೆಯಾಗಿಲ್ಲ, ಓದಿದವರ ಜಗಳವೂ ನಿಂತಿಲ್ಲ. ಕೆಳಗಿನ ಎರಡೂ ಬರಹಗಳಲ್ಲಿ ಕಥೆಯ ಗುಟ್ಟುಗಳೆಲ್ಲ ಬಯಲಾಗಿವೆ. ಇನ್ನೂ ಓದದವರು ಹುಷಾರು.

ಪರ: ಎಲ್ಲವೂ ಮೊದಲ ಪುಸ್ತಕದಲ್ಲೇ ಇತ್ತು

ಟ್ಯಾಮ್ಲಿನ್‌ನನ್ನು ಲೇಖಕಿ ಸುಮ್ನೆ ಹಾಳುಮಾಡಿದರು ಅನ್ನುವವರು ಮೊದಲ ಪುಸ್ತಕದ ಕ್ಯಾಲನ್‌ಮೈ ರಾತ್ರಿಯನ್ನು ಇನ್ನೊಂದು ಸಲ ಓದಬೇಕು. ಅದು ಬೆಂಕಿಯ ಹಬ್ಬ. ಕೋಣೆ ಬಿಟ್ಟು ಹೊರಗೆ ಬರಬೇಡ ಅಂತ ಫೇರಾಗೆ ಹೇಳಿರುತ್ತಾರೆ. ಅವಳು ಬರುತ್ತಾಳೆ. ತಡರಾತ್ರಿ ಮನೆಯೊಳಗೆ ಎದುರಾದ ಟ್ಯಾಮ್ಲಿನ್ ಅವಳನ್ನು ಗೋಡೆಗೆ ಒತ್ತಿ ಹಿಡಿದು ಕುತ್ತಿಗೆಗೆ ಕಚ್ಚುತ್ತಾನೆ. ಬಿಡು ಅಂದರೂ ಬಿಡುವುದಿಲ್ಲ. ಇನ್ನೊಮ್ಮೆ ನನ್ನ ಮಾತು ಮೀರಬೇಡ ಅನ್ನುತ್ತಾನೆ. ಮರುದಿನ ಊಟದ ಮೇಜಿನಲ್ಲಿ ಕುತ್ತಿಗೆಯ ಕಲೆ ಎಲ್ಲರಿಗೂ ಕಾಣುತ್ತದೆ. ಗೆಳೆಯ ಲೂಸಿಯನ್ ಏನಿದು ಅಂತ ಕೇಳುತ್ತಾನೆ. ಹೇಳಿದ್ದನ್ನು ಅವಳು ಕೇಳದೇ ಹೋದರೆ ಆಗುವುದಕ್ಕೆ ನಾನು ಹೊಣೆಯಲ್ಲ ಅನ್ನುವ ಧಾಟಿಯಲ್ಲಿ ಟ್ಯಾಮ್ಲಿನ್ ಉತ್ತರ ಕೊಡುತ್ತಾನೆ.

ಮೊದಲ ಓದಿನಲ್ಲಿ ಇದನ್ನು ರೋಮ್ಯಾನ್ಸ್ ಅಂದುಕೊಂಡು ದಾಟಿ ಹೋದವರೇ ಜಾಸ್ತಿ. ಈ ಬಗೆಯ ಕಾದಂಬರಿಗಳಲ್ಲಿ ಗಂಡಸಿನ ಗುರ್ ಅನ್ನುವ ದನಿಯೇ ಪ್ರೀತಿಯ ಗುರುತು ಅಲ್ವಾ? ಎರಡನೇ ಪುಸ್ತಕ ಹೊಸ ಟ್ಯಾಮ್ಲಿನ್‌ನನ್ನು ತಂದು ನಿಲ್ಲಿಸಲಿಲ್ಲ. ಅದೇ ಮನುಷ್ಯನ ಜೊತೆ ದಿನವೂ ಬದುಕುವುದು ಹೇಗಿರುತ್ತದೆ ಅಂತ ತೋರಿಸಿತು.

ಫೇರಾ, ಈ ಆಸ್ಥಾನಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡಿದ್ದ ಕ್ರೂರ ರಾಣಿ ಅಮರಾಂಥಾಳ ಬೆಟ್ಟದ ಕೆಳಗೆ ತಿಂಗಳುಗಟ್ಟಲೆ ಸೆರೆಯಲ್ಲಿದ್ದವಳು. ಮೂರು ಪರೀಕ್ಷೆ ಎದುರಿಸಿ, ಸತ್ತು, ಏಳು ಆಸ್ಥಾನಗಳ ಒಡೆಯರ ಶಕ್ತಿಯಿಂದ ಮತ್ತೆ ಬದುಕಿ ಬಂದವಳು. ರಾತ್ರಿ ಕೆಟ್ಟ ಕನಸು ಬಿದ್ದು ಬಚ್ಚಲಿಗೆ ಓಡಿ ವಾಂತಿ ಮಾಡುತ್ತಾಳೆ. ಹಗಲಿಗೆ ಮಾಡಲು ಕೆಲಸವಿಲ್ಲ. ಮದುವೆಯ ಬಟ್ಟೆ, ಹೂವು, ಅತಿಥಿಗಳು ಎಲ್ಲವನ್ನೂ ಪೂಜಾರಿಣಿ ಇಯಾಂಥೆ ನೋಡಿಕೊಳ್ಳುತ್ತಾಳೆ. ಈ ಉಸಿರುಗಟ್ಟುವ ಬದುಕು ನನ್ನ ಕೈಲಾಗುತ್ತಿಲ್ಲ ಅಂತ ಫೇರಾ ಬಾಯಿಬಿಟ್ಟು ಹೇಳಿದಾಗ ಟ್ಯಾಮ್ಲಿನ್‌ನ ಸಿಟ್ಟು ಸಿಡಿದು ಕೋಣೆಯ ಪೀಠೋಪಕರಣಗಳೆಲ್ಲ ಚೂರಾಗುತ್ತವೆ. ಅವಳು ಉಳಿದದ್ದು ತನಗೇ ಗೊತ್ತಿಲ್ಲದೆ ತನ್ನ ಸುತ್ತ ಕಟ್ಟಿಕೊಂಡ ಕವಚದಿಂದ. ಆಮೇಲೆ ಅವನು ಕ್ಷಮೆ ಕೇಳುತ್ತಾನೆ. ಆದರೂ ಸ್ವಲ್ಪ ದಿನದಲ್ಲೇ, ನಾನೂ ನಿನ್ನ ಜೊತೆ ಬರುತ್ತೇನೆ ಅಂದವಳನ್ನು ಕಾಣದ ಗೋಡೆ ಕಟ್ಟಿ ಮನೆಯೊಳಗೆ ಕೂಡಿಹಾಕಿ ಹೊರಟುಹೋಗುತ್ತಾನೆ.

ಅವನು ಇದನ್ನು ದ್ವೇಷದಿಂದ ಮಾಡಲಿಲ್ಲ. ಒಮ್ಮೆ ಕಳೆದುಕೊಂಡವಳನ್ನು ಮತ್ತೆ ಕಳೆದುಕೊಳ್ಳುವ ಭಯದಿಂದ ಮಾಡಿದ. ಅದಕ್ಕೇ ಈ ಭಾಗ ನನಗೆ ಇಷ್ಟ. ಹೊಡೆಯುವ ಗಂಡನನ್ನು ಬಿಟ್ಟುಬರುವ ಕಥೆಗಳು ಬೇಕಾದಷ್ಟಿವೆ. ‘ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ’ ಅಂತ ಬಾಗಿಲು ಹಾಕುವವನನ್ನು ಬಿಟ್ಟುಬರುವುದು ಅದಕ್ಕಿಂತ ಕಷ್ಟ. ಹೊರಗಿನವರಿಗೆ ಅವನಲ್ಲಿ ತಪ್ಪೇ ಕಾಣುವುದಿಲ್ಲ. ಜೈಲಿನಿಂದ ಬಂದವಳಿಗೆ ಬೀಗ ಅಂದರೆ ಏನು ಅಂತ ಅವನು ಒಂದು ಕ್ಷಣವಾದರೂ ಯೋಚಿಸಬೇಕಿತ್ತು.

ಮೊದಲ ಪುಸ್ತಕದ ಬೇರು ಇರುವುದು ಸುಂದರಿ ಮತ್ತು ಮೃಗದ ಹಳೆಯ ಕಥೆಯಲ್ಲಿ. 1740ರಲ್ಲಿ ಫ್ರಾನ್ಸಿನ ವಿಲ್‌ನವ್ ಅದನ್ನು ಉದ್ದಕ್ಕೆ ಬರೆದರು. 1756ರಲ್ಲಿ ಬೋಮೋಂ ಅದನ್ನು ಚಿಕ್ಕದು ಮಾಡಿದರು. ನಾವು ಕೇಳಿ ಬೆಳೆದ ರೂಪದಲ್ಲಿ ಮೃಗ ರಾಜಕುಮಾರನಾದ ಕೂಡಲೇ ಕಥೆ ಮುಗಿಯುತ್ತದೆ. ಶಾಪ ಇಳಿದ ಮೇಲೂ ಅವನ ಸಿಟ್ಟು ಇಳಿಯದಿದ್ದರೆ? ಆ ಪ್ರಶ್ನೆ ಕೇಳಲು ಒಬ್ಬ ಲೇಖಕಿಗೆ ಮೊದಲ ನಾಯಕನನ್ನೇ ಬಲಿ ಕೊಡುವ ಧೈರ್ಯ ಬೇಕು. ಮಾಸ್ ಕೊಟ್ಟರು. ಓದುಗರಿಗೆ ಸಿಟ್ಟು ಬಂದದ್ದೂ ಅದಕ್ಕೇ. ನಾವು ಮೆಚ್ಚಿದವನನ್ನು ಅವರು ಕಿತ್ತುಕೊಂಡರು.

ಇನ್ನು, ಅವನನ್ನು ಪೂರಾ ಖಳ ಅನ್ನುವುದೂ ಸರಿಯಲ್ಲ. 2017ರ ಮೂರನೇ ಪುಸ್ತಕದಲ್ಲಿ ಶತ್ರು ನಾಡು ಹೈಬರ್ನ್‌ನ ರಾಜನ ಪಾಳೆಯದಿಂದ ಫೇರಾ ತನ್ನ ಅಕ್ಕ ಇಲೇನ್‌ಳನ್ನು ಬಿಡಿಸಿಕೊಂಡು ಓಡುವಾಗ ಅವಳಿಗೆ ದಾರಿ ಮಾಡಿಕೊಡುವವನು ಟ್ಯಾಮ್ಲಿನ್. ಕೊನೆಯಲ್ಲಿ ಸತ್ತುಬಿದ್ದ ರೀಸ್ಯಾಂಡ್‌ಗೆ ತನ್ನ ಶಕ್ತಿಯ ಕಿಡಿ ಕೊಡುವವನೂ ಅವನೇ. ಚೆನ್ನಾಗಿರು ಅಂತ ಫೇರಾಗೆ ಹೇಳಿ ಹೊರಡುತ್ತಾನೆ. ಒಳ್ಳೆಯತನ ಉಳ್ಳವನು, ಆದರೆ ಜೊತೆಗೆ ಬದುಕಲಾಗದವನು. ಇಂಥವರು ನಮ್ಮ ನಡುವೆಯೂ ಇದ್ದಾರೆ, ಪುಸ್ತಕಗಳಲ್ಲಿ ಮಾತ್ರ ಅಪರೂಪ.

ಫೇರಾ ಅವನಿಗೆ ನ್ಯಾಯ ಮಾಡಲಿಲ್ಲ ಅನ್ನುವ ದೂರೂ ಇದೆ. ಮೊದಲ ಮೂರು ಪುಸ್ತಕಗಳ ಕಥೆ ಹೇಳುವವಳು ಬಹುಮಟ್ಟಿಗೆ ಅವಳೇ. ಬೀಗ ಒಡೆದು ಬಂದವಳು ಬೀಗ ಹಾಕಿದವನ ಕಷ್ಟಸುಖವನ್ನೂ ಸಮನಾಗಿ ತೂಗಿ ಹೇಳಬೇಕು ಅಂತ ಕೇಳುವುದು ನನಗಂತೂ ಸ್ವಲ್ಪ ಜಾಸ್ತಿಯಾಯಿತು.

ವಿರೋಧ: ಒಂದೇ ತಪ್ಪಿಗೆ ಎರಡು ತಕ್ಕಡಿ

ಫೇರಾ ಟ್ಯಾಮ್ಲಿನ್‌ನನ್ನು ಬಿಟ್ಟದ್ದು ಸರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಟ್ಯಾಮ್ಲಿನ್ ಪರ ಬಾಯಿ ತೆರೆದ ಕೂಡಲೇ ಕೂಡಿಹಾಕಿದ್ದು ಸರಿಯಾ ಅಂತ ಕೇಳುವವರಿದ್ದಾರೆ. ಸರಿಯಲ್ಲ. ನನ್ನ ತಕರಾರು ಆಮೇಲಿನದು. ಬಿಟ್ಟದ್ದನ್ನು ಸಮರ್ಥಿಸಲು ಪುಸ್ತಕ ಅವನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತಾ ಹೋಗುತ್ತದೆ ಅನ್ನುವುದು.

ರೀಸ್ಯಾಂಡ್‌ನ ಲೆಕ್ಕ ನೋಡೋಣ. ಬೆಟ್ಟದ ಕೆಳಗಿನ ಸೆರೆಮನೆಯಲ್ಲಿ ಫೇರಾಳ ತೋಳು ಮುರಿದು ಮೂಳೆ ಹೊರಬಂದಿರುತ್ತದೆ. ತಿಂಗಳಿಗೊಂದು ವಾರ ನನ್ನ ಆಸ್ಥಾನಕ್ಕೆ ಬರಬೇಕು ಅನ್ನುವ ಒಪ್ಪಂದಕ್ಕೆ ಅವಳನ್ನು ಒಪ್ಪಿಸಲು ಅವನು ಆ ಮೂಳೆಯನ್ನೇ ಹಿಡಿದು ತಿರುಚುತ್ತಾನೆ. ರಾತ್ರಿ ರಾತ್ರಿ ಅಮಲಿನ ದ್ರಾಕ್ಷಾರಸ ಕುಡಿಸಿ, ಮೈಗೆ ಬಣ್ಣ ಬಳಿಸಿ, ಎಲ್ಲರೆದುರು ಕುಣಿಸುತ್ತಾನೆ. ಇದಕ್ಕೆಲ್ಲ ಎರಡನೇ ಪುಸ್ತಕದಲ್ಲಿ ಉತ್ತರ ಸಿಗುತ್ತದೆ. 54ನೇ ಅಧ್ಯಾಯ ಅಂದರೆ ಸಾಕು, ಅಭಿಮಾನಿಗಳಿಗೆ ಗೊತ್ತು. ಅಮರಾಂಥಾಳ ಕಣ್ಣಿಗೆ ಮಣ್ಣೆರಚಲು, ಫೇರಾಳ ಮನಸ್ಸು ಕುಸಿಯದಂತೆ ಕಾಯಲು ಹೀಗೆ ಮಾಡಿದೆ ಅಂತ ಅವನು ಉದ್ದಕ್ಕೆ ಹೇಳಿಕೊಳ್ಳುತ್ತಾನೆ. ಅಧ್ಯಾಯ ಚೆನ್ನಾಗಿದೆ, ನಾನೂ ಎರಡು ಸಲ ಓದಿದ್ದೇನೆ. ಟ್ಯಾಮ್ಲಿನ್‌ಗೆ ಅಂಥ ಒಂದು ಅಧ್ಯಾಯ ಎಲ್ಲಿದೆ? ಅವನೂ ಅಮರಾಂಥಾಳ ಸೆರೆಯಾಳು. 49 ವರ್ಷ ಶಾಪ ಹೊತ್ತವನು. ಬೆಟ್ಟದ ಕೆಳಗೆ ಅವಳ ಪಕ್ಕದಲ್ಲಿ ಕಲ್ಲಿನಂತೆ ಕೂತವನು. ಅವನ ಮೌನ ಹೇಡಿತನವಾಯಿತು, ರೀಸ್ಯಾಂಡ್‌ನ ಕ್ರೌರ್ಯ ತ್ಯಾಗವಾಯಿತು.

ಮೊದಲ ಪುಸ್ತಕದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಫೇರಾಗೆ ಓದು ಬರಹ ಸರಿಯಾಗಿ ಬಾರದು. ಗೊತ್ತಿಲ್ಲದ ಪದಗಳನ್ನು ಒಂದು ಹಾಳೆಯಲ್ಲಿ ಗೀಚಿಕೊಂಡಿರುತ್ತಾಳೆ. ಬಿಸಾಕಿದ ಆ ಪಟ್ಟಿ ಟ್ಯಾಮ್ಲಿನ್ ಕೈಗೆ ಸಿಗುತ್ತದೆ. ಅವನು ನಗುವುದಿಲ್ಲ. ಅದೇ ಪದಗಳನ್ನು ಹಾಕಿ ಪೋಲಿ ಚುಟುಕಗಳನ್ನು ಕಟ್ಟಿ ಓದಿ ಹೇಳಿ ಅವಳನ್ನು ನಗಿಸುತ್ತಾನೆ. ಬಣ್ಣ, ಕುಂಚ ತರಿಸಿ ಕೊಡುತ್ತಾನೆ. ಹಸಿದಿದ್ದ ಅವಳ ಮನೆಯವರಿಗೆ ಕೇಳದೆಯೇ ಹಣ ತಲುಪಿಸುತ್ತಾನೆ. ಎರಡನೇ ಪುಸ್ತಕದಲ್ಲಿ ಓದು ಕಲಿಸಿದ ಕೀರ್ತಿ ರೀಸ್ಯಾಂಡ್‌ಗೆ. ಚುಟುಕಗಳು ಎಲ್ಲಿ ಹೋದವೋ!

ಆಮೇಲೆ ಆ ಚೀಟಿ. ಮನೆ ಬಿಟ್ಟ ಫೇರಾ ಟ್ಯಾಮ್ಲಿನ್‌ಗೆ ಒಂದು ಚೀಟಿ ಕಳಿಸುತ್ತಾಳೆ: ನನ್ನಿಷ್ಟದಿಂದಲೇ ಬಂದಿದ್ದೇನೆ, ಹುಡುಕಬೇಡ. ಅವನು ಕಂಡಂತೆ ಅವಳಿಗೆ ಬರೆಯಲು ಬರುವುದಿಲ್ಲ. ಅವಳಿರುವುದು ಬೇರೆಯವರ ಮನಸ್ಸಿನೊಳಗೆ ನುಗ್ಗಿ ಆಡಿಸಬಲ್ಲ ರೀಸ್ಯಾಂಡ್‌ನ ಬಳಿ. ಇವರಿಬ್ಬರ ಮನೆತನಗಳ ನಡುವೆ ಹಳೆಯ ಕೊಲೆಗಳ ರಕ್ತವಿದೆ. ಈ ಸ್ಥಿತಿಯಲ್ಲಿ ಚೀಟಿ ಓದಿದವನು ಏನಂದುಕೊಳ್ಳಬೇಕು? ಎತ್ತಿಕೊಂಡು ಹೋಗಿದ್ದಾನೆ ಅಂತಲೇ ಅಲ್ವಾ? ಅವಳನ್ನು ವಾಪಸ್ ತರಲು ಅವನು ಹೈಬರ್ನ್ ಜೊತೆ ಕೈ ಜೋಡಿಸಿದ್ದು ದೊಡ್ಡ ಅಪರಾಧ, ಸಾವಿರಾರು ಜೀವಕ್ಕೆ ಕುತ್ತು ತಂದದ್ದು. ಆದರೆ ಅವನು ಹಾಗೇಕೆ ನಂಬಿದ ಅಂತ ಕೇಳುವ ಪುರುಸೊತ್ತು ಪುಸ್ತಕಕ್ಕೆ ಇಲ್ಲ. ಕೇಳಿದರೆ ನಮಗೆ ಅವನ ಮೇಲೆ ಮರುಕ ಹುಟ್ಟುತ್ತದಲ್ಲ.

ಮೂರನೇ ಪುಸ್ತಕದಲ್ಲಿ ಫೇರಾ ಪ್ರೀತಿಯ ನಾಟಕವಾಡಿ ವಸಂತದ ಆಸ್ಥಾನಕ್ಕೆ ಮರಳಿ, ಒಳಗಿಂದಲೇ ಅದನ್ನು ಕೆಡವುತ್ತಾಳೆ. ಒಬ್ಬ ಕಾವಲುಗಾರನಿಗೆ ಛಡಿ ಏಟು ಬೀಳುವಂತೆ ಮಾಡಿ, ಅದನ್ನೇ ಹಿಡಿದು ಉಳಿದ ಕಾವಲುಗಾರರನ್ನು ಒಡೆಯನ ಮೇಲೆ ತಿರುಗಿಸುತ್ತಾಳೆ. ಆ ಕಾವಲುಗಾರ ಮಾಡಿದ ತಪ್ಪೇನು? ಆ ನಾಡಿನ ಜನ ಮಾಡಿದ್ದೇನು? 2018ರ ಕಿರು ಪುಸ್ತಕದಲ್ಲಿ ಟ್ಯಾಮ್ಲಿನ್ ಹಾಳುಬಿದ್ದ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಅವನ ಕಿಡಿಯೂ ಸೇರಿ ಜೀವ ಮರಳಿ ಪಡೆದ ರೀಸ್ಯಾಂಡ್ ಅಲ್ಲಿಗೇ ಬಂದು ಚುಚ್ಚಿ ಹೋಗುತ್ತಾನೆ. ಮುಂದೆ ಮತ್ತೆ ಬಂದು ಒಂದು ಹೊತ್ತಿನ ಊಟ ಮಾಡಿಕೊಡುತ್ತಾನೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಮೇಲಿನವರು ನನ್ನನ್ನು ಬಿಡುವುದಿಲ್ಲ.

2021ರ ಪುಸ್ತಕಕ್ಕೆ ಬನ್ನಿ. ಫೇರಾ ಬಸುರಿ. ಹೊಟ್ಟೆಯಲ್ಲಿರುವುದು ರೆಕ್ಕೆ ಇರುವ ಮಗು, ಹೆರಿಗೆಯಲ್ಲಿ ಅವಳ ಜೀವಕ್ಕೇ ಅಪಾಯ. ಈ ಸಂಗತಿ ರೀಸ್ಯಾಂಡ್‌ಗೆ ಗೊತ್ತು, ಸುತ್ತಲಿನವರಿಗೆ ಗೊತ್ತು, ಅವಳಿಗೆ ಮಾತ್ರ ಗೊತ್ತಿಲ್ಲ. ಹೇಳಬಾರದು ಅಂತ ಅವನದೇ ಅಪ್ಪಣೆ. ಅಕ್ಕ ನೆಸ್ಟಾ ಸಿಟ್ಟಿನಲ್ಲಿ ಬಾಯಿಬಿಟ್ಟಾಗಲೇ ಬಯಲಾಗುವುದು. ‘ನಿನ್ನ ಒಳ್ಳೇದಕ್ಕೇ’ ಇಲ್ಲೂ ಇದೆ. ಬೀಗ ಮಾತ್ರ ಬಾಗಿಲಿಗಲ್ಲ, ಅವಳದೇ ದೇಹದ ಸುದ್ದಿಗೆ. ಟ್ಯಾಮ್ಲಿನ್ ಇದನ್ನು ಮಾಡಿದ್ದರೆ ನಾಲ್ಕು ಅಧ್ಯಾಯ ಬೈಗುಳ ಇರುತ್ತಿತ್ತು. ರೀಸ್ಯಾಂಡ್‌ನಿಗೆ ಸ್ವಲ್ಪ ಮುನಿಸು, ಆಮೇಲೆ ಕ್ಷಮೆ.

ಇದು ಒಂದು ಸರಣಿಯ ಚಾಳಿಯಲ್ಲ. ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ (2023) ತೆಗೆದುಕೊಳ್ಳಿ. ಬಾಲ್ಯದ ಗೆಳೆಯ ಡೇನ್ ಅತಿಯಾಗಿ ಕಾಳಜಿ ಮಾಡುವವನು, ಡ್ರ್ಯಾಗನ್ ಸವಾರರ ಈ ಕಷ್ಟದ ಶಾಲೆ ನಿನಗೆ ಬೇಡ ಅಂತ ನಾಯಕಿ ವಯಲೆಟ್‌ಳ ಬೆನ್ನು ಹತ್ತುವವನು. ಅವನೂ ಪಕ್ಕಕ್ಕೆ ಸರಿಯಬೇಕು. ಸರಿದರೆ ಸಾಲದು, ಮುಟ್ಟಿದವರ ನೆನಪು ಓದುವ ತನ್ನ ಶಕ್ತಿಯನ್ನು ಅವಳ ಒಪ್ಪಿಗೆಯಿಲ್ಲದೆ ಅವಳ ಮೇಲೇ ಬಳಸಿ ದ್ರೋಹಿ ಅನ್ನಿಸಿಕೊಳ್ಳಬೇಕು. ಮುಂದಿನ ಪುಸ್ತಕದಲ್ಲಿ ನಿಜ ತಿಳಿದು ಅವಳ ಕಡೆ ಬರುತ್ತಾನೆ ಅನ್ನುವುದೊಂದು ಸಮಾಧಾನ.

ಲೇಖಕಿಯರಿಗೆ ಇದು ಯಾಕೆ ಬೇಕಾಗುತ್ತದೆ? ವಿಧಿ ಜೋಡಿಸಿದ ಒಬ್ಬನೇ ಸಂಗಾತಿ ಅನ್ನುವ ನಿಯಮ ಈ ಲೋಕಗಳಲ್ಲಿ ಮೆರೆಯುತ್ತದೆ. ಆ ಒಬ್ಬ ರೀಸ್ಯಾಂಡ್ ಆದರೆ, ಟ್ಯಾಮ್ಲಿನ್ ಮೇಲಿದ್ದ ಪ್ರೀತಿ ಏನು? ಅದು ನಿಜವಾಗಿತ್ತು, ಮುಗಿಯಿತು ಅಂದರೆ ನಾಯಕಿಯನ್ನು ಚಂಚಲೆ ಅಂದಾರು ಅನ್ನುವ ಭಯ. ಹಾಗಾಗಿ ಹಳಬನ ಪಾಪದ ಕೊಡ ತುಂಬಲೇಬೇಕು. ಇದರಿಂದ ಟ್ಯಾಮ್ಲಿನ್‌ಗಿಂತ ಜಾಸ್ತಿ ಅನ್ಯಾಯ ಆಗುವುದು ಫೇರಾಗೆ. ಆ ಬೀಗ ಒಂದೇ ಸಾಕಿತ್ತು. ಅಷ್ಟೇ ಯಾಕೆ, ಬೀಗ ಇಲ್ಲದಿದ್ದರೂ, ನನಗೆ ನೀನು ಇನ್ನು ಬೇಡ ಅನ್ನುವ ಹಕ್ಕು ಅವಳಿಗೆ ಇರಬೇಕಿತ್ತು. ಬಿಟ್ಟುಬರಲು ಹೆಣ್ಣಿಗೆ ಇಷ್ಟೊಂದು ಸಾಕ್ಷಿ ಬೇಕೇ ಬೇಕು ಅಂತ ಒಪ್ಪಿಕೊಂಡ ಹಾಗಾಯಿತು ಈ ಪುಸ್ತಕಗಳು.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಅದನ್ನು ಮಾಡಿ ತೋರಿಸಿದವರೂ ಮಾಸ್ ಅವರೇ! ಅವರ ಇನ್ನೊಂದು ಸರಣಿಯಲ್ಲಿ ಕಾವಲು ಪಡೆಯ ನಾಯಕ ಕೇಯಾಲ್ 2013ರ ಪುಸ್ತಕದಲ್ಲಿ ನಾಯಕಿಯ ಪ್ರೇಮಿ. 2015ರ ಹೊತ್ತಿಗೆ ಬರೀ ಸಿಡಿಮಿಡಿ, ಓದುಗರ ಕೋಪಕ್ಕೆ ಗುರಿ. 2017ರಲ್ಲಿ ‘ಟವರ್ ಆಫ್ ಡಾನ್’ ಅಂತ ಇಡೀ ಒಂದು ಕಾದಂಬರಿ ಅವನಿಗೆ ಸಿಕ್ಕಿತು. ನಡೆಯಲಾಗದೆ ಗಾಲಿಕುರ್ಚಿಯಲ್ಲಿ ದೂರದ ನಾಡಿಗೆ ಹೋಗಿ, ಅಲ್ಲಿನ ವೈದ್ಯೆ ಇರೀನ್ ಜೊತೆ ಜಗಳವಾಡುತ್ತಾ ತನ್ನ ತಪ್ಪುಗಳನ್ನು ತಾನೇ ಎದುರಿಸುತ್ತಾನೆ. ಅದಕ್ಕಾಗಿ ಹಳೆಯ ಪ್ರೇಮವನ್ನು ಸುಳ್ಳು ಅನ್ನಬೇಕಾಗಲಿಲ್ಲ, ನಾಯಕಿಯ ಗೌರವಕ್ಕೂ ಕುಂದು ಬರಲಿಲ್ಲ. ಟ್ಯಾಮ್ಲಿನ್‌ಗೆ ನಾನು ಅಷ್ಟೂ ಕೇಳುತ್ತಿಲ್ಲ. ಕಾದಂಬರಿ ಬೇಡ, ಹೊಸ ಪ್ರೇಮವೂ ಬೇಡ. ಆ ಚೀಟಿ ಕೈಗೆ ಬಂದ ದಿನ ಏನಾಯಿತು ಅಂತ ಅವನ ಬಾಯಿಂದಲೇ ಒಂದು ಅಧ್ಯಾಯ. ಅದನ್ನು ಓದಿದ ಮೇಲೂ ಅವನನ್ನು ಬೈಯಬೇಕು ಅನ್ನಿಸಿದರೆ, ನಾನೂ ನಿಮ್ಮ ಜೊತೆ ಕೂತು ಬೈಯುತ್ತೇನೆ.