ಕಂಬಕ್ಕೆ ಒರಗಬೇಡಿ

ಹುಬ್ಬಳ್ಳಿಯಲ್ಲಿ ಈಗ ಹೋಟೆಲ್ ಕಟ್ಟುವವರಿಗೆ ಎಸಿ, ಲಿಫ್ಟು, ಪಾರ್ಕಿಂಗ್ ಇದ್ದರೆ ಸಾಲದು. ಲಾಬಿಯಲ್ಲಿ ಪರಂಪರೆಯೂ ಇರಬೇಕು. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಚಾಲುಕ್ಯರೇ ಎದ್ದು ಬಂದು ಕೈಮುಗಿಯಬೇಕು. ರೂಮಿನ ಬಾಡಿಗೆ ಏರಿಸೋದಕ್ಕೆ ಅಷ್ಟು ಸಾಕು.

ಮೊನ್ನೆ ಒಂದು ನಿಶ್ಚಿತಾರ್ಥಕ್ಕೆ ಅಂಥದ್ದೊಂದು ಹೋಟೆಲಿಗೆ ಹೋಗಿದ್ದೆ. ಬಾಗಿಲಲ್ಲಿ ಮೈಸೂರು ಪೇಟದ ಸೆಕ್ಯುರಿಟಿ. ಪಾಪ, ನವಲಗುಂದದ ಕಡೆಯ ಹುಡುಗ. ಅವನಜ್ಜ ಸುತ್ತುತ್ತಿದ್ದ ಪಟಗ ಇಲ್ಲಿ ನಡೆಯೋದಿಲ್ಲ. ಒಳಗೆ ಎಡಕ್ಕೆ ಹಂಪಿಯ ಕಲ್ಲಿನ ರಥ, ಬಲಕ್ಕೆ ಬೇಲೂರಿನ ದರ್ಪಣ ಸುಂದರಿ. ಅವಳ ಕನ್ನಡಿಯಲ್ಲಿ ವೈಫೈ ಪಾಸ್‌ವರ್ಡ್. ಇವರೆಲ್ಲ ನಮ್ಮೂರಿಗೆ ಯಾವ ಟ್ರೇನಿಗೆ ಬಂದರೋ ತಿಳಿಯಲಿಲ್ಲ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರು, ಯಾರು ಬೇಕಾದರೂ ಇಳೀಬಹುದು ಬಿಡಿ.

ನಟ್ಟನಡುವೆ ನಾಲ್ಕು ಕಂಬ. "ಲಕ್ಕುಂಡಿ ಸ್ಟೈಲ್ ಸರ್" ಎಂದರು ಮ್ಯಾನೇಜರ್. ಬೆರಳ ಗೆಣ್ಣಿನಿಂದ ತಟ್ಟಿದೆ. ಡಬ್ ಡಬ್! ಫೈಬರ್. ಒಳಗೆ ಎಸಿ ಪೈಪು ಹಾಯಿಸಿದ್ದಾರಂತೆ. ದ್ವಾರಪಾಲಕನ ಹೊಕ್ಕಳ ಪಕ್ಕ ಪ್ಲಗ್ ಪಾಯಿಂಟ್. ಯಾರೋ ಮೊಬೈಲ್ ಚಾರ್ಜಿಗೆ ಇಟ್ಟು, ಅವನ ಗದೆಯ ಮೇಲೆ ಒರಗಿಸಿ ಹೋಗಿದ್ದರು.

ಲಕ್ಕುಂಡಿಯವರು ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದವರು. ಅತ್ತಿಮಬ್ಬೆ ಅಲ್ಲಿ ಬಸದಿ ಕಟ್ಟಿಸಿದ್ದು 1007ರ ಸುಮಾರಿಗೆ. ಆ ಕಂಬಗಳು ಇವತ್ತಿಗೂ ಪೇಂಟ್ ಕೇಳಿಲ್ಲ. ಇವು ಒಂದು ಮಳೆಗಾಲ ಕಂಡಿಲ್ಲ, ಬುಡದಲ್ಲಿ ಆಗಲೇ ಸಿಪ್ಪೆ ಏಳುತ್ತಿದೆ. ಅದೂ ಒಳಗಿದ್ದುಕೊಂಡು!

ಗೋಡೆಗೆ ಕಸೂತಿ. ಅಂದರೆ ಕಸೂತಿಯ ಫೋಟೋ ಇರುವ ವಾಲ್‌ಪೇಪರ್. ಗೋಪುರ, ತುಳಸಿಕಟ್ಟೆ ಎಲ್ಲ ಇವೆ, ತಲೆಕೆಳಗಾಗಿ. ಕಸೂತಿಯ ಗವಂತಿ ಹೊಲಿಗೆ ಹಾಕುವ ನಮ್ಮ ಹೆಣ್ಣುಮಕ್ಕಳು ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುವ ಹಾಗೆ ಹೊಲೀತಾರೆ, ಗಂಟು ಸಹ ಕಾಣಿಸೋದಿಲ್ಲ. ಇದರ ಹಿಂದೆ ಬರೀ ಗೋಂದು. ಇನ್ನು 'ಹೆರಿಟೇಜ್ ಥಾಲಿ'ಯಲ್ಲಿ ಪನೀರ್ ಇತ್ತು. ಜೋಳದ ರೊಟ್ಟಿಗೆ ಮೊದಲೇ ಆರ್ಡರ್ ಕೊಡಬೇಕಂತೆ.

ಕೈತೊಳೆದು ಬರುವಾಗ ಪುಣೆಯ ಕಡೆಯ ದಂಪತಿ ರಿಸೆಪ್ಶನ್‌ನಲ್ಲಿ ಉಣಕಲ್ ಗುಡಿಯ ದಾರಿ ಕೇಳುತ್ತಿದ್ದರು. ಚಂದ್ರಮೌಳೇಶ್ವರ, ಅದೇ, ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚಾಲುಕ್ಯರ ಗುಡಿ. ಚಿಗರಿ ಬಸ್ ಹತ್ತಿ ಉಣಕಲ್‌ನಲ್ಲಿ ಇಳಿದು, ಮನೆಗಳ ಸಂದಿಯಲ್ಲಿ ಹುಡುಕಿಕೊಂಡು ಹೋದರಾಯ್ತು.

ಕೌಂಟರಿನ ಹುಡುಗಿ ನಕ್ಕಳು. "ಅಲ್ಲಿ ಪಾರ್ಕಿಂಗ್ ಇಲ್ರಿ ಸರ. ಇಲ್ಲೇ ನಿಂತು ಫೋಟೋ ತಕ್ಕೋರಿ, ಲೈಟಿಂಗ್ ಭಾರಿ ಐತಿ."

ದಂಪತಿ ನಿಂತೇಬಿಟ್ಟರು.

"ಸರ, ಕಂಬಕ್ಕ ಒರಗಬ್ಯಾಡ್ರಿ," ಎಂದಳು. "ಅಳ್ಳಾಡತೈತಿ."