ಸಿ3, ಸಿ4 ನಾರ್ಮಲ್ ಬಂದ ಮಾತ್ರಕ್ಕೆ ಪರೀಕ್ಷೆ ಮುಗಿಯಿತೇ?

ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದಿಂದ ಮೆದುಳು ಜ್ವರ ಬಂದು ಗುಣವಾದ ಹುಡುಗನಿಗೆ ಕೆಲವು ವರ್ಷಗಳ ಮೇಲೆ ಅದೇ ಸೋಂಕು ಮತ್ತೆ ತಗುಲಿದರೆ, ಅದನ್ನು ಗ್ರಹಚಾರವೆಂದು ಬಿಡುವಂತಿಲ್ಲ. ಸೋಂಕಿನ ವಿರುದ್ಧ ಹೋರಾಡಲು ಅವನ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳನ್ನು ಪರೀಕ್ಷಿಸಲೇಬೇಕು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಎಷ್ಟೋ ಸಲ ಅವುಗಳಲ್ಲಿ ಸಿ3 ಮತ್ತು ಸಿ4 ಎಂಬ ಎರಡನ್ನು ಮಾತ್ರ ಅಳೆದು, ಎರಡೂ ಸರಿಯಿವೆ ಎಂದು ಕಡತ ಮುಚ್ಚಲಾಗುತ್ತದೆ.

ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಬಹುಪಾಲು ಲಿವರ್‌ನಲ್ಲಿ ತಯಾರಾಗುತ್ತವೆ. ಒಂದು ಮತ್ತೊಂದನ್ನು ಎಚ್ಚರಿಸುತ್ತ ಹೋಗಿ, ಕೊನೆಗೆ ಸಿ5ರಿಂದ ಸಿ9ರವರೆಗಿನವು ಕೂಡಿಕೊಂಡು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ತೂತು ಕೊರೆಯುತ್ತವೆ. ಈ ಕೊನೆಯ ಗುಂಪಿನಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದವರು ಉಳಿದ ಸೋಂಕುಗಳನ್ನು ಹೆಚ್ಚುಕಡಿಮೆ ಎಲ್ಲರಂತೆಯೇ ಎದುರಿಸುತ್ತಾರೆ, ಮುಖ್ಯವಾಗಿ ಮೆನಿಂಗೊಕಾಕಸ್ ಎದುರು ಸೋಲುತ್ತಾರೆ. ಹದಿಹರೆಯದವರೆಗೂ ಯಾರಿಗೂ ಅನುಮಾನ ಬಾರದಿರುವುದು ಇದೇ ಕಾರಣಕ್ಕೆ. ಇಂಥವರಲ್ಲಿ ಸಿ3, ಸಿ4 ಪ್ರಮಾಣ ಸಹಜವಾಗಿಯೇ ಇರುತ್ತದೆ.

ಕೊರತೆಯನ್ನು ಹಿಡಿಯುವುದು ಸಿಎಚ್50 ಪರೀಕ್ಷೆ. ಪ್ರತಿಕಾಯ ಲೇಪಿಸಿದ ಕುರಿಯ ಕೆಂಪು ರಕ್ತಕಣಗಳಿಗೆ ರೋಗಿಯ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ಬೆರೆಸಿ, ಅರ್ಧದಷ್ಟು ಕಣಗಳನ್ನು ಒಡೆಯಲು ಎಷ್ಟು ಸೀರಮ್ ಬೇಕೆಂದು ನೋಡುತ್ತೇವೆ. ಕಣಗಳು ಒಡೆದರೆ ದ್ರಾವಣ ಕೆಂಪಾಗುತ್ತದೆ. ಒಡೆಯದಿದ್ದರೆ ಅವು ತಳಕ್ಕಿಳಿದು, ಮೇಲಿನ ನೀರು ತಿಳಿಯಾಗಿಯೇ ಉಳಿಯುತ್ತದೆ. ಕಾಂಪ್ಲಿಮೆಂಟ್ ಎಚ್ಚರಗೊಳ್ಳುವ ಇನ್ನೊಂದು ದಾರಿಯನ್ನು ನೋಡಲು, ಮೊಲದ ರಕ್ತಕಣ ಬಳಸುವ ಎಎಚ್50 ಪರೀಕ್ಷೆಯನ್ನೂ ಜೊತೆಗೇ ಮಾಡಿಸಬೇಕು. ಎರಡು ದಾರಿಗಳೂ ಸಿ3ರಲ್ಲಿ ಕೂಡುತ್ತವೆ. ಎರಡೂ ಶೂನ್ಯವಾದರೆ ದೋಷ ಸಿ3 ಅಥವಾ ಅದರ ನಂತರದ ಪ್ರೋಟೀನಿನಲ್ಲಿದೆ. ಸಿಎಚ್50 ಮಾತ್ರ ಶೂನ್ಯವಾದರೆ ಸಿ1, ಸಿ2, ಸಿ4ರ ಕಡೆ ನೋಡಬೇಕು, ಎಎಚ್50 ಮಾತ್ರ ಶೂನ್ಯವಾದರೆ ಆ ಇನ್ನೊಂದು ದಾರಿಯ ಪ್ರಾಪರ್ಡಿನ್‌ನಂಥ ಪ್ರೋಟೀನ್‌ಗಳ ಕಡೆ. ಸಿ9 ಇಲ್ಲದವರಲ್ಲಿ ಸಿಎಚ್50 ಪೂರ್ತಿ ಶೂನ್ಯವಾಗದೆ ತಗ್ಗಿರುತ್ತದೆ ಅಷ್ಟೆ, ಆದ್ದರಿಂದ ತಗ್ಗಿದ ಫಲಿತಾಂಶವನ್ನೂ ಕಡೆಗಣಿಸಬಾರದು.

ನನ್ನ ದೊಡ್ಡ ಕಳವಳ ಸ್ಯಾಂಪಲ್ ಸಾಗಿಸುವ ರೀತಿಯ ಬಗ್ಗೆ. ಈ ಪ್ರೋಟೀನ್‌ಗಳು ಶಾಖ ತಾಳುವುದಿಲ್ಲ. 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಕಾಂಪ್ಲಿಮೆಂಟ್ ನಿಷ್ಕ್ರಿಯವಾಗುತ್ತದೆ, ಕೋಣೆಯ ಬಿಸಿಗೂ ನಿಧಾನವಾಗಿ ಕುಂದುತ್ತದೆ. ರಕ್ತ ಹೆಪ್ಪುಗಟ್ಟಿದ ಕೂಡಲೇ ಸೀರಮ್ ಬೇರ್ಪಡಿಸಿ, ಮೈನಸ್ 70 ಡಿಗ್ರಿಯಲ್ಲಿ ಗಟ್ಟಿಮಾಡಿ, ಡ್ರೈ ಐಸ್‌ನಲ್ಲಿ ಕಳುಹಿಸಬೇಕು. ಮನೆಗೆ ಬಂದು ರಕ್ತ ತೆಗೆದುಕೊಂಡು ಬ್ಯಾಗಿನಲ್ಲಿಟ್ಟು ಊರೆಲ್ಲ ಸುತ್ತುವ ವ್ಯವಸ್ಥೆ ಇದಕ್ಕೆ ಸಲ್ಲದು, ಏಕೆಂದರೆ ಆರೋಗ್ಯವಂತರ ವರದಿಯೂ ಕೊರತೆಯಂತೆ ಕಾಣಬಹುದು. ಸೋಂಕಿನ ತೀವ್ರ ಹಂತದಲ್ಲಿ ಕಾಂಪ್ಲಿಮೆಂಟ್ ಖರ್ಚಾಗಿರುವುದರಿಂದ, ಚೇತರಿಸಿಕೊಂಡ ಕೆಲವು ವಾರಗಳ ಮೇಲೆ ಹೊಸ ಸ್ಯಾಂಪಲ್‌ನಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಕೊರತೆ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಸಿ5ರಿಂದ ಸಿ9ರವರೆಗಿನ ಕೊರತೆ ಬರುವುದು ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತ ಜೀನ್ ಸಿಕ್ಕಾಗ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆಯಾಗುವ ರೂಢಿ ಇನ್ನೂ ಉಳಿದಿರುವ ನಮ್ಮ ಕಡೆ ಈ ಸಾಧ್ಯತೆ ಹೆಚ್ಚು. ಇನ್ನೂ ಕಾಯಿಲೆ ಬೀಳದ ತಂಗಿಗೋ ತಮ್ಮನಿಗೋ ಕೊರತೆ ಕಂಡುಬಂದರೆ, ಎ, ಸಿ, ವೈ, ಡಬ್ಲ್ಯು ಬಗೆಗಳ ಮೆನಿಂಗೊಕಾಕಸ್ ಲಸಿಕೆಯನ್ನು ವೈದ್ಯರು ಮೊದಲೇ ಕೊಡಬಹುದು, ಆಗಾಗ ಬೂಸ್ಟರ್ ಹಾಕಬಹುದು, ಜ್ವರ ಬಂದ ದಿನವೇ ಆಸ್ಪತ್ರೆಗೆ ಕರೆತರುವಂತೆ ಮನೆಯವರಿಗೆ ಬರೆದುಕೊಡಬಹುದು.