ಡ್ರೋನು ಬಿದ್ದರೆ ಬೀಳೋದು ನೆಂಟರ ತಲೆ ಮೇಲೇ

ಅಲ್ಲ ಮಾರಾಯ್ರೆ, ಜನ ಮದುವೆಗೆ ಬರೋದು ಅಕ್ಷತೆ ಹಾಕಿ ಊಟ ಮಾಡ್ಕೊಂಡು ಹೋಗೋಕೆ. ಚಪ್ಪರದ ಮೇಲೆ ಗುಂಯ್ ಅಂತ ಸುತ್ತೋ ಡ್ರೋನಿಗೆ ತಲೆ ಒಡ್ಡೋಕಲ್ಲ. ಡ್ರೋನ್ ಹಾರಿಸಿ ವಿಡಿಯೋ ತೆಗೆಯೋರಿಗೆ ಹೇಳಿದರೆ ಒಂದೇ ಉತ್ತರ: "ಏನೂ ಆಗಲ್ಲ ಸಾರ್, ಸೆನ್ಸರ್ ಇದೆ."

ಅಡ್ಡ ಬಂದದ್ದನ್ನ ಗುರುತಿಸೋ ಆ ಸೆನ್ಸರ್ ಬಹುಪಾಲು ಮಾಡೆಲ್‌ಗಳಲ್ಲಿ ಬರೀ ಸಣ್ಣ ಕ್ಯಾಮೆರಾ. ರಾತ್ರಿ ಆರತಕ್ಷತೆಯಲ್ಲಿ ಅದು ಕುರುಡು. ಹಗಲಲ್ಲೂ ಕರೆಂಟ್ ತಂತಿ, ಸೀರಿಯಲ್ ಸೆಟ್ ವೈರು, ಚಪ್ಪರದ ಹಗ್ಗ ಅದರ ಕಣ್ಣಿಗೆ ಬೀಳೋದು ಕಷ್ಟ. ಮಲೆನಾಡಿನ ಮಂಜು, ಸೋನೆ ಮಳೆಯಲ್ಲಿ ಲೆನ್ಸಿನ ಮೇಲೆ ಹನಿ ಕೂತರೆ ಕೇಳೋದೇ ಬೇಡ. ಮದುವೆಗೆ ತರೋ ಡ್ರೋನುಗಳಲ್ಲಿ ನೀರು ತಡೆಯುವಂಥವು ಅಪರೂಪ.

ಇನ್ನು ಹಾರಿಸೋ ಜಾಗ ನೋಡಿ. ಡಿಜೆ ಬಾಕ್ಸ್ ಪಕ್ಕದಲ್ಲಿ, ಇಲ್ಲಾ ಕಾರಿನ ಬಾನೆಟ್ ಮೇಲೆ ಇಟ್ಟು ಎಬ್ಬಿಸ್ತಾರೆ. ಸ್ಪೀಕರಿನೊಳಗೆ ದೊಡ್ಡ ಅಯಸ್ಕಾಂತ, ಬಾನೆಟ್ ಕಬ್ಬಿಣ. ಡ್ರೋನಿನೊಳಗಿನ ದಿಕ್ಸೂಚಿ ಅಲ್ಲೇ ಕೆಡುತ್ತೆ. ಮೇಲೆ ಹೋದ ಡ್ರೋನು ನಿಲ್ಲಲಾರದೆ ಗಾಣದೆತ್ತಿನ ಹಾಗೆ ಸುತ್ತೋಕೆ ಶುರು, ಸುತ್ತು ದೊಡ್ಡದಾಗ್ತಾ ಹೋಗಿ ಎಲ್ಲಿಗೋ ಬಡಿಯುತ್ತೆ. ಅಡಿಕೆ ತೋಟದ ನಡುವಿನ ಅಂಗಳದಲ್ಲಿ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗೋ ಮೊದಲೇ ಎಬ್ಬಿಸಿದರೆ ಹೋಮ್ ಪಾಯಿಂಟೇ, ಅಂದರೆ ವಾಪಸ್ ಬಂದು ಇಳಿಯಬೇಕಾದ ಜಾಗವೇ, ದಾಖಲಾಗಿರಲ್ಲ. ದಾಖಲಾದರೂ, ತಾನಾಗೇ ವಾಪಸ್ ಬರೋ (ರಿಟರ್ನ್ ಟು ಹೋಮ್) ಎತ್ತರ 20 ಮೀಟರಿಗೆ ಇಟ್ಟಿದ್ದರೆ, ರಿಮೋಟಿನ ಸಿಗ್ನಲ್ ಹೋದ ತಕ್ಷಣ ಅದು ನೇರವಾಗಿ ತೆಂಗಿನ ಸುಳಿಗೇ ಬಂದು ಹೊಡೆಯುತ್ತೆ.

ನಾಲ್ಕು ರೆಕ್ಕೆಯಲ್ಲಿ ಒಂದು ಮುರಿದರೂ ಇದು ತೇಲಲ್ಲ, ತಿರುಗುತ್ತಾ ಬೀಳುತ್ತೆ. 900 ಗ್ರಾಂ ತೂಕದ್ದು 30 ಮೀಟರಿಂದ ಬಿದ್ದರೆ, ಗಾಳಿಯ ತಡೆ ಕಳೆದರೂ ಗಂಟೆಗೆ 60 ಕಿ.ಮೀ. ಮೇಲೇ ಬರುತ್ತೆ. ಸಿಗೋ ಸಮಯ ಎರಡೂವರೆ, ಮೂರು ಸೆಕೆಂಡು. ಎಳ್ಳಮಾವಾಸ್ಯೆ ಜಾತ್ರೆಯಂಥ ನೂಕುನುಗ್ಗಲಲ್ಲಿ ಓಡೋದು ಎಲ್ಲಿಗೆ? 2015ರಲ್ಲಿ ಇಂಗ್ಲೆಂಡಿನಲ್ಲಿ ಮರಕ್ಕೆ ತಾಗಿ ಹಿಡಿತ ತಪ್ಪಿದ ಡ್ರೋನಿನ ರೆಕ್ಕೆ ತಗುಲಿ ಪುಟ್ಟ ಮಗು ಒಂದು ಕಣ್ಣು ಕಳೆದುಕೊಂಡಿತು. ಅಲ್ಲಿ ಇದ್ದದ್ದು ಜಾತ್ರೆಯೂ ಅಲ್ಲ, ಮನೆ ಮುಂದಿನ ಅಂಗಳ.

ಕಾನೂನು ಇಲ್ಲ ಅಂತಲೂ ಅಲ್ಲ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ್ದನ್ನ ಕಾಸು ತಗೊಂಡು ಹಾರಿಸೋನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಥರ್ಡ್ ಪಾರ್ಟಿ ವಿಮೆ ಬೇಕು. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಲ್ಲಿ 2023ರಿಂದ ವಿಮಾನ ಇಳೀತಿದೆ. ಅದರ ಸರಹದ್ದಿನಿಂದ 8 ಕಿ.ಮೀ. ಒಳಗೆ ಗ್ರೀನ್ ಜೋನ್ (ಅನುಮತಿ ಕೇಳದೆ ಹಾರಿಸಬಹುದಾದ ಜಾಗ) ಇಲ್ಲವೇ ಇಲ್ಲ, 8ರಿಂದ 12 ಕಿ.ಮೀ.ವರೆಗೆ 200 ಅಡಿ ಅಷ್ಟೇ. ಮ್ಯಾಪ್ ತೆಗೆದು ನೋಡೋಕೆ ಎರಡು ನಿಮಿಷ ಸಾಕು. ಲೈಟಿಂಗ್‌ನವನಿಗೆ, ಡಿಜೆಯವನಿಗೆ ಕೊಡೋ ಸಮಯದಲ್ಲಿ ಅರ್ಧ ಇದಕ್ಕೆ ಕೊಟ್ಟರೂ ಆಗ್ತಿತ್ತು.

ಶಾಟ್ ಬೇಡ ಅಂತ ಯಾರೂ ಹೇಳ್ತಿಲ್ಲ. ಮಗ್ಗುಲಿಂದ ತೆಗೀರಿ. 30 ಮೀಟರ್ ಮೇಲಿದ್ದರೆ ಜನರಿಂದ ಕನಿಷ್ಠ 30 ಮೀಟರ್ ಆಚೆಗಿರಲಿ, ಬಿದ್ದರೆ ಗದ್ದೆಗೆ ಬೀಳಲಿ. ಕಲ್ಯಾಣ ಮಂಟಪದ ಒಳಗಂತೂ ಎಬ್ಬಿಸಲೇಬೇಡಿ. ಜಿಪಿಎಸ್ ಇರಲ್ಲ, ಮೇಲೆ ಫ್ಯಾನು, ಕೆಳಗೆ ಮಕ್ಕಳು.

ಅಡ್ವಾನ್ಸ್ ಕೊಡೋ ಯಜಮಾನರೇ, ನೀವೂ ಒಂದು ಕೆಲಸ ಮಾಡಿ. ಬ್ಯಾಟರಿ ಬಿಚ್ಚಿಸಿ ಮೇಜಿನ ಮೇಲೆ ಇಡಿಸಿ. ಫುಲ್ ಚಾರ್ಜಿನಲ್ಲೇ ವಾರಗಟ್ಟಲೆ ಬ್ಯಾಗಲ್ಲಿ ಬಿದ್ದಿದ್ದ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿರುತ್ತೆ, ಬೆರಳಲ್ಲಿ ಒತ್ತಿದರೆ ಮೇಜಿನ ಮೇಲೆ ತೂಗಾಡುತ್ತೆ. ಅಂಥದ್ದು ಎರಡೂ ಕಡೆ ಸರಿಯಾಗಿ ಲಾಕ್ ಆಗಲ್ಲ, ಹಾರ್ತಾ ಹಾರ್ತಾನೇ ಸಡಿಲಾಗಿ ಕರೆಂಟ್ ಕಟ್ ಆಗುತ್ತೆ. ಆಗ ಯಾವ ಸೆನ್ಸರೂ ಕೆಲಸಕ್ಕೆ ಬರಲ್ಲ ಸಾರ್.